ರದ್ದಿ ಕಾಗದದ ನವಿಲು

1985ರ ಮಳೆಗಾಲದ ಕೊನೆಯಲ್ಲಿ ನವಲಗುಂದದ ನಮ್ಮ ಓಣಿಯಲ್ಲಿ ಜಮಖಾನ ನೇಯುತ್ತಿದ್ದ ಹಿರಿಯ ಹೆಂಗಸೊಬ್ಬರು ತೀರಿಕೊಂಡರು. ಮಗ್ಗದ ಮೇಲಿದ್ದ ಜಮಖಾನ ಅರ್ಧಕ್ಕೆ ನಿಂತಿತು. ಅದರ ನಡುವಿನ ಎರಡು ನವಿಲುಗಳಿಗೆ ಕಾಲು, ಗರಿ, ಅರ್ಧ ಎದೆ ಬಂದಿದ್ದವು. ಕುತ್ತಿಗೆ ಬಂದಿರಲಿಲ್ಲ.

ಈಗ ಇದನ್ನು ಬರೆಯಲು ಕಾರಣ ಒಂದು ಶೇಂಗಾ ಪೊಟ್ಟಣ. ಹೋದ ವಾರ ಹುಬ್ಬಳ್ಳಿಯ ಬಸ್ ನಿಲ್ದಾಣದ ಹೊರಗೆ ಹುರಿದ ಶೇಂಗಾ ಕೊಂಡೆ. ಮಾರುವಾಕೆ ಹಳೆಯ ಪತ್ರಿಕೆಯ ತುಂಡನ್ನು ಸುತ್ತಿ, ಅದರ ತುದಿಯನ್ನು ಅದರದೇ ಮಡಿಕೆಯೊಳಗೆ ಸಿಕ್ಕಿಸಿ ಕೊಟ್ಟಳು. ಅಂಟು ಇಲ್ಲ, ದಾರ ಇಲ್ಲ. ಬಿಸಿ ಶೇಂಗಾದ ಶಾಖಕ್ಕೆ ಕಾಗದದಿಂದ ಮಸಿಯ ವಾಸನೆ ಎದ್ದಿತು... ನಮ್ಮ ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ರದ್ದಿ ಮಡಚುತ್ತಿದ್ದ ಫೂಫಿಯ ಸುತ್ತ ಯಾವಾಗಲೂ ಇದೇ ವಾಸನೆ ಇರುತ್ತಿತ್ತು.

ಫೂಫಿ ಎಂದರೆ ಸೋದರತ್ತೆ. ಅವರ ತಮ್ಮನ ಮಗ ಹಾಗೆ ಕರೆಯುತ್ತಿದ್ದ. ಕೇಳಿ ಕೇಳಿ ಇಡೀ ಓಣಿಯೇ ಹಾಗೆ ಕರೆಯತೊಡಗಿತ್ತು. ತೀರಿಕೊಂಡ ಹಿರಿಯಾಕೆಯ ಮಗಳು ಅವರು. ನಾನು ಆಗ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ನವಲಗುಂದದಿಂದ ಸುದ್ದಿ ಕಳಿಸುತ್ತಿದ್ದೆ. ನಾನೂ ಅವ್ವನೂ ಇದ್ದ ಬಾಡಿಗೆ ಮನೆಗೂ ಅವರ ಮನೆಗೂ ಒಂದೇ ಅಂಗಳ, ಒಂದೇ ಕಟ್ಟೆ. ಅವರ ಮಗ್ಗದ ಕೋಣೆಯ ಬಾಗಿಲು ಆ ಅಂಗಳಕ್ಕೇ ತೆರೆಯುತ್ತಿತ್ತು. ಬಾಗಿಲಿಗೆ ಒಂದು ಹಳೆಯ ಪರದೆ. ಒಳಗೆ ಗೋಡೆಗೆ ಆನಿಸಿದ ನಿಲುವು ಮಗ್ಗ ಇದೆಯೆಂದು ಗೊತ್ತಿತ್ತು. ಅದರ ಮುಂದೆ ಕೂತು ಕಬ್ಬಿಣದ ಪಂಜಾದಿಂದ ನೂಲು ಬಡಿಯುವ ಸದ್ದು ದಿನವೂ ಕೇಳುತ್ತಿತ್ತು. ನಾನು ಆ ಪರದೆ ದಾಟಿದವನಲ್ಲ. ಒಳಗೆ ನಡೆದದ್ದರಲ್ಲಿ ಕೆಲವನ್ನು ಅವ್ವ ಹೇಳಿದ್ದರಿಂದ ಬಲ್ಲೆ. ಉಳಿದದ್ದು ಅಂಗಳದಲ್ಲೇ ನಡೆಯಿತು.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮಗ್ಗದ ವಿದ್ಯೆ ಸೊಸೆಗೆ; ಮಗಳಿಗಲ್ಲ. ಮಗಳು ಇನ್ನೊಂದು ಮನೆಗೆ ಹೋಗುವವಳು, ಅವಳ ಜೊತೆ ಮನೆಯ ಚಿತ್ತಾರವೂ ಹೋಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಮಗ್ಗವಿದ್ದ ಬೇರೆ ಮನೆಗಳಲ್ಲೂ ಹೀಗೇ ಎಂದು ಕೇಳಿದ್ದೆ. ಫೂಫಿಯನ್ನು ಅಣ್ಣಿಗೇರಿಯ ಬಳೆಗಾರರ ಮನೆಗೆ ಕೊಟ್ಟಿದ್ದರು. ಅಲ್ಲಿ ಮಗ್ಗ ಇರಲಿಲ್ಲ. ಗಾಜಿನ ಬಳೆ ಒಡೆಯದಂತೆ ಹಳೆಯ ಕಾಗದದಲ್ಲಿ ಮಡಚಿ ಕಟ್ಟುವುದು ಆ ಮನೆಯ ಹೆಂಗಸರ ಕೆಲಸ. ಅವರ ಕೈ ಕಾಗದಕ್ಕೆ ಪಳಗಿದ್ದು ಅಲ್ಲೇ. ಗಂಡ ತೀರಿಹೋದ ಮೇಲೆ, ಮಕ್ಕಳೂ ಇರಲಿಲ್ಲವಾದ್ದರಿಂದ, ತವರಿಗೆ ಬಂದರು. ತಾಯಿ ಅವರಿಗೆ ಅಡುಗೆಮನೆ ಕೊಟ್ಟರು, ನೂಲು ಸುತ್ತುವ ಕೆಲಸ ಕೊಟ್ಟರು, ಬಣ್ಣ ಕುದಿಸುವ ಒಲೆ ಕೊಟ್ಟರು. ಮಗ್ಗದ ಮುಂದಿನ ಜಾಗ ಕೊಡಲಿಲ್ಲ.

ಅವ್ವ ಒಮ್ಮೆ ಕೇಳಿಯೇಬಿಟ್ಟಿದ್ದಳು. "ಬಂದ ಮಗಳು ಮನ್ಯಾಗ ಅದಾಳ, ಇನ್ನೆಲ್ಲಿ ಹೋಗತಾಳ್ರಿ? ಕಲಿಸ್ರಿ ಆಕಿಗೆ."

"ಹೋದ ಮಗಳು ಮತ್ತ ಹೋಗಬಹುದು," ಎಂದಿದ್ದರು ಹಿರಿಯಾಕೆ. "ಬಾಯಿ ಮುಚ್ಚಿಕೋ ಅಂದ್ರ ಮುಚ್ಚಿಕೋತಾಳ. ಕೈ ಹ್ಯಾಂಗ ಮುಚ್ಚಾಕ ಬರತೈತಿ, ಅಕ್ಕಾರ?"

ಫೂಫಿ ಅಲ್ಲೇ ಕೂತು ನೂಲು ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ.

ನನ್ನ ಸುದ್ದಿಯನ್ನು ಕತ್ತರಿಸಿಕೊಂಡ ಮೇಲೆ ಪತ್ರಿಕೆಯ ಉಳಿದ ಭಾಗವೆಲ್ಲ ಫೂಫಿಗೆ ಹೋಗುತ್ತಿತ್ತು. ದೇವರ ಚಿತ್ರವಿದ್ದ ಪುಟ ಬಂದರೆ ಅದನ್ನು ಬೇರೆ ಇಟ್ಟು ಅವ್ವನ ಕೈಗೆ ಕೊಡುತ್ತಿದ್ದರು. ರಂಜಾನಿನಲ್ಲಿ ನಮಾಜಿನ ವೇಳೆ ಅಚ್ಚಾದ ತುಂಡನ್ನು ತಾವು ಎತ್ತಿಡುತ್ತಿದ್ದರು. ಅವೆರಡನ್ನು ಬಿಟ್ಟು ಉಳಿದದ್ದೆಲ್ಲ ಅವರ ಪಾಲಿಗೆ ಮಡಚುವ ಕಾಗದ. ಕತ್ತರಿ ಹಿಡಿದದ್ದನ್ನು ನಾನು ನೋಡಿಲ್ಲ. ಮಡಚಿ, ಹಿತ್ತಾಳೆ ಚಮಚದ ಬೆನ್ನಿನಿಂದ ಗೆರೆ ತಿಕ್ಕಿ, ಆ ಗೆರೆಗುಂಟ ಹರಿಯುತ್ತಿದ್ದರು. ಓಣಿಯ ಮಕ್ಕಳಿಗೆ ಕಪ್ಪೆ, ದೋಣಿ, ಬಾಲ ಎಳೆದರೆ ರೆಕ್ಕೆ ಬಡಿಯುವ ಹಕ್ಕಿ.

"ನಿನ್ನ ಸುದ್ದಿ ಯಾಕ ಕತ್ತರಿಸಿಕೋತಿ ತಮ್ಮಾ? ಬಿಡು, ಇಲ್ಲೇ ಇರಲಿ," ಎಂದು ಅವರು ನನ್ನನ್ನು ಕಾಡುತ್ತಿದ್ದರು. "ಅಗದಿ ಸಣ್ಣೂ ಇರ್ತಾವ. ಒಂದು ಸುದ್ದಿಗೆ ಒಂದು ಕಪ್ಪಿ ಬರೋಬ್ಬರಿ ಆಗತೈತಿ."

ಅವ್ವ ನಗುತ್ತಿದ್ದಳು. "ಓದವರಂತೂ ಇಲ್ಲ. ನಿನ್ನ ಕಪ್ಪಿ ಆಗಿ ಆದರೂ ಜಿಗದಾಡಲಿ."

ಮಕ್ಕಳ ಆಟಿಕೆಯ ಜೊತೆಗೆ ಅವರು ಇನ್ನೊಂದನ್ನೂ ಮಾಡುತ್ತಿದ್ದರು. ಅದೇನೆಂದು ನನಗೆ ಬಹಳ ದಿನ ತಿಳಿಯಲಿಲ್ಲ. ಹೆಬ್ಬೆರಳ ಉಗುರಿನಷ್ಟು ಸಣ್ಣ ಚೌಕಗಳನ್ನು ಮಡಚುವುದು, ಒಂದರ ಕಿವಿಯನ್ನು ಇನ್ನೊಂದರ ಜೇಬಿಗೆ ಸೇರಿಸುವುದು. ಹಾಗೆ ಸೇರಿಸುತ್ತಾ ಹೋದರೆ ಒಂದು ಪಟ್ಟಿ. ಪಟ್ಟಿಗೆ ಪಟ್ಟಿ ಕೂಡಿದರೆ ಒಂದು ಚಾಪೆ. ಫೋಟೋ ಇದ್ದ ಕಡೆಯ ಕಾಗದ ಕಪ್ಪು, ಅಕ್ಷರ ಇದ್ದ ಕಡೆಯದು ಬೂದಿ, ಪುಟದ ಅಂಚಿನದು ಬಿಳಿ. ಸಿನಿಮಾ ಜಾಹೀರಾತಿನ ಪುಟವನ್ನು ಹೆಚ್ಚು ಕೇಳುತ್ತಿದ್ದರು. ಅದರಲ್ಲಿ ಕಪ್ಪು ಜಾಸ್ತಿ ಸಿಗುತ್ತಿತ್ತು. ಮಧ್ಯಾಹ್ನ ಊಟದ ನಂತರ, ಪರದೆಯ ಹಿಂದೆ ಪಂಜಾದ ಸದ್ದು ನಿಂತು ತಾಯಿ ಅಡ್ಡಾದ ಹೊತ್ತಿಗೆ ಕಟ್ಟೆಯ ಮೇಲೆ ಹರಡುತ್ತಿದ್ದರು. ಸದ್ದು ಮತ್ತೆ ಸುರುವಾಗುವ ಮೊದಲು ಬಿಚ್ಚಿ ಅರಿವೆಯ ಚೀಲಕ್ಕೆ ತುಂಬುತ್ತಿದ್ದರು.

ಒಂದು ದಿನ ತಾಯಿ ಮಲಗಿರಲಿಲ್ಲ. ಸೊಸೆ, ಅಂದರೆ ಫೂಫಿಯ ತಮ್ಮನ ಹೆಂಡತಿ, ಆಗ ಎರಡನೇ ಹೆರಿಗೆಗೆ ಗದಗಿನ ತವರಿಗೆ ಹೋಗಿದ್ದಳು. ಹಿರಿಯಾಕೆ ಒಬ್ಬರೇ ನೇಯುತ್ತಿದ್ದರು. ನೀರಿಗೆಂದು ಹೊರಬಂದವರು ಕಟ್ಟೆಯ ಮುಂದೆ ನಿಂತರು. ಕಟ್ಟೆಯ ಮೇಲೆ ಎರಡು ನವಿಲುಗಳಿದ್ದವು. ಎದೆಗೆ ಎದೆ, ಮುಖಕ್ಕೆ ಮುಖ ಕೊಟ್ಟು ನಿಂತ ಕಪ್ಪು ಬಿಳಿ ನವಿಲುಗಳು. ನಾನು ನಮ್ಮ ಬಾಗಿಲಲ್ಲಿ ಕೂತು ಬರೆಯುತ್ತಿದ್ದೆ, ಅವ್ವ ಜೋಳ ಹಸನು ಮಾಡುತ್ತಿದ್ದಳು. ಮನೆಯೊಳಗೆ ಅವರದು ಉರ್ದು ಮಾತು. ಅವ್ವ ಎದುರಿಗಿದ್ದರೆ ಕನ್ನಡ.

"ಇದನ್ನ ಎಲ್ಲಿ ನೋಡಿದಿ?"

"ಸಣ್ಣಾಕಿ ಇದ್ದಾಗ. ಬಾಗಲದಾಗ ನಿಂತು."

ಹಿರಿಯಾಕೆ ಬಹಳ ಹೊತ್ತು ನೋಡಿದರು. ಬಗ್ಗಿ, ಒಂದು ಚೌಕವನ್ನು ಬೆರಳಿನಿಂದ ಒತ್ತಿ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ.

"ಕುತ್ತಿಗಿ ತಪ್ಪೇತಿ," ಎಂದರು. ಒಳಗೆ ಹೋದರು.

ಸರಿಯಾದದ್ದು ಯಾವುದೆಂದು ಹೇಳಲಿಲ್ಲ. ಫೂಫಿ ಕೇಳಲೂ ಇಲ್ಲ. ಆದರೆ ಆ ದಿನ ಅದನ್ನು ಬಿಚ್ಚಲಿಲ್ಲ. ಸಂಜೆ ಗಾಳಿ ಏಳುವವರೆಗೆ ಅದು ಕಟ್ಟೆಯ ಮೇಲೆಯೇ ಇತ್ತು. "ತಪ್ಪೇತಿ ಅಂದ್ರ ಉಳಿದದ್ದು ಬರೋಬ್ಬರಿ ಐತಿ ಅಂದಂಗಲ್ಲಾ, ಅಕ್ಕಾ?" ಎಂದು ಅವ್ವನನ್ನು ಕೇಳಿದರಂತೆ. ಹೌದು ಎಂದಳಂತೆ ಅವ್ವ.

ಅದಾಗಿ ಸ್ವಲ್ಪ ದಿನಕ್ಕೆ ಹಿರಿಯಾಕೆಗೆ ಜ್ವರ ಬಂತು. ಮಳೆ ಬಿಡದ ವಾರ. ಜ್ವರ ಇಳಿಯಲಿಲ್ಲ... ಮಣ್ಣಿಗೆ ನಾನೂ ಹೋಗಿದ್ದೆ. ತಿರುಗಿ ಬಂದಾಗ ಅಂಗಳ ತುಂಬ ಜನರಿದ್ದರೂ ಏನೋ ಇಲ್ಲ ಅನ್ನಿಸಿತು. ಪರದೆಯ ಹಿಂದೆ ಸದ್ದು ಇರಲಿಲ್ಲ.

ಮಗ್ಗದ ಮೇಲಿದ್ದ ಜಮಖಾನವನ್ನು ಕುಂದಗೋಳ ಕಡೆಯ ಒಂದು ಮನೆಯವರು ಮಗಳ ಮದುವೆಗೆಂದು ಹೇಳಿ ಮಾಡಿಸುತ್ತಿದ್ದರು. ಸಂಕ್ರಾಂತಿ ಆದ ಮೇಲೆ ಮದುವೆ. ಫೂಫಿಯ ತಮ್ಮ ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದ. ನೇಯ್ಗೆ ಹೆಂಗಸರದು, ಅವನಿಗೆ ಅದು ಬರುತ್ತಿರಲಿಲ್ಲ. ಆದರೆ ಮನೆಯ ಹಿರಿತನ ಈಗ ಅವನ ಮೇಲೆ ಬಿದ್ದಿತ್ತು. ಒಂದು ಸಂಜೆ ಅಂಗಳದಲ್ಲೇ ಅಕ್ಕನ ಮುಂದೆ ಮಾತು ತೆಗೆದ. ಅಕ್ಕನನ್ನು ಅವನು ಕರೆಯುತ್ತಿದ್ದುದು ಆಪಾ ಎಂದು.

"ಕತ್ತರಿಸಿ ಇಳಸಿಬಿಡೂಣು ಆಪಾ. ನೂಲು ಬಿಚ್ಚಿದ್ರ ಮತ್ತೊಂದಕ್ಕ ಬರತೈತಿ."

"ಅದು ಅಮ್ಮಾನ ಕೈ," ಎಂದರು ಫೂಫಿ.

"ಖರೆ. ಆದ್ರ ರುಂಡ ಇಲ್ಲದ ನವಿಲ ಯಾರ ಒಯ್ತಾರ?"

"ನಾ ಕೂಡ್ತೀನಿ ಮಗ್ಗಕ್ಕ."

ಅವನು ಸಿಟ್ಟಿನ ಮನುಷ್ಯನಲ್ಲ. ತಗ್ಗಿದ ದನಿಯಲ್ಲೇ ಹೇಳಿದ: "ಅಮ್ಮಾ ಇದ್ದಾಗ ಕೂತಿದ್ದಿಯೇನ? ಈಗ ಗೋರಿ ಮಣ್ಣು ಒಣಗೂದರಾಗ ಕೂಡ್ತೀಯಾ?"

ಅವ್ವ ನಡುವೆ ಬಾಯಿ ಹಾಕಿದಳು. "ಸೊಸಿ ಬರೂತನಾ ತಡಿಯೋ ಮಾರಾಯಾ. ಏನ್ ಬೆಂಕಿ ಬಿದ್ದೈತಿ ಈಗ?"

ಅವ್ವನ ಮಾತಿಗೆ ಅವನು ತಡೆದ. ಆ ತಿಂಗಳುಗಳಲ್ಲಿ ನಾನು ಹುಬ್ಬಳ್ಳಿಗೆ ಹೋದಾಗಲೆಲ್ಲ ಜಮಖಾನ ಮಾರುವ ಅಂಗಡಿಗಳಲ್ಲಿ ವಿಚಾರಿಸಿದೆ. ಈ ಮನೆಯಲ್ಲಿ ಹಿಂದೆ ನೇಯ್ದ ನವಿಲು ಎಲ್ಲಾದರೂ ಸಿಕ್ಕರೆ ಕುತ್ತಿಗೆ ಹೇಗಿತ್ತೆಂದು ನೋಡಬಹುದಿತ್ತು. ನವಿಲುಗಳೇನೋ ಸಿಕ್ಕವು, ತರತರದವು. ಯಾವುದು ಯಾವ ಮನೆಯದೆಂದು ಹೇಳುವವರು ಸಿಗಲಿಲ್ಲ. ನವಿಲಿಗೆ ಹೇಳಿ ಮಾಡಿಸುವವರು ಅಪರೂಪ; ಈ ಮನೆಯ ಹಿಂದಿನ ನವಿಲನ್ನು ನೇಯ್ದದ್ದು ಸೊಸೆ ಬರುವ ಮುಂಚೆ, ಫೂಫಿ ಅಣ್ಣಿಗೇರಿಯಲ್ಲಿದ್ದಾಗ. ನೇಯ್ದ ಮನೆಯಲ್ಲಂತೂ ಒಂದೂ ಉಳಿದಿರಲಿಲ್ಲ. ಅವರು ಹಾಸಿಕೊಳ್ಳುತ್ತಿದ್ದದ್ದು ಕೌದಿ.

ದೀಪಾವಳಿ ಮುಗಿದ ಮೇಲೆ ಸೊಸೆ ಹೆಣ್ಣುಕೂಸು ಎತ್ತಿಕೊಂಡು ಬಂದಳು. ಮಗ್ಗದ ಮುಂದೆ ನಿಂತು ಅತ್ತಳು ಎಂದು ಅವ್ವ ಹೇಳಿದಳು. ಆಮೇಲೆ ಹೊರಗೆ ಬಂದು ಗಂಡನಿಗೆ ಹೇಳಿದ್ದನ್ನು ನಾನೇ ಕೇಳಿದೆ.

"ನನಗ ಅಂಚು ಬರತೈತಿ, ಪಗಡಿ ಮನಿ ಬರತೈತಿ. ನವಿಲ ಕಲಿಸಿಲ್ಲ. 'ಎರಡನೇದು ಹೆತ್ತ ಬಾ, ಆಮ್ಯಾಲ' ಅಂದಿದ್ರು."

ಹಿರಿಯಾಕೆಯ ಕಲಿಸುವ ಕ್ರಮ ಹಾಗಿತ್ತು. ಮೊದಲ ವರ್ಷಗಳಲ್ಲಿ ಅಂಚು, ಮುಂದೆ ಪಗಡೆಯ ಚೌಕ. ಸೊಸೆ ಈ ಮನೆಯಲ್ಲೇ ಬೇರು ಬಿಟ್ಟಳು ಎಂದು ಖಾತ್ರಿಯಾದ ಮೇಲೆಯೇ ನವಿಲು. ಆ ಖಾತ್ರಿಗೆ ಅವರು ಎರಡನೇ ಕೂಸನ್ನು ಕಾಯುತ್ತಿದ್ದರು.

"ಹಂಗಾದ್ರ ಮುಗೀತು, ಬಿಚ್ಚು," ಎಂದ ಗಂಡ.

ಫೂಫಿ ಎದ್ದು ಒಳಗೆ ಹೋಗಿ ಅರಿವೆಯ ಚೀಲ ತಂದರು. ಕಟ್ಟೆಯ ಮೇಲೆ ಪಟ್ಟಿಗೆ ಪಟ್ಟಿ ಜೋಡಿಸತೊಡಗಿದರು. ಕಾಲು ಬಂತು, ಗರಿ ಬಂತು, ಎದೆ ಬಂತು. ಸೊಸೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ನೋಡಿದಳು; ಎದ್ದು ಪರದೆಯ ಒಳಗೆ ಹೋಗಿ ಮಗ್ಗ ನೋಡಿ ಬಂದು ಮತ್ತೆ ಕೂತಳು.

"ಒಂದೂ ಹೆಚ್ಚುಕಡಿಮಿ ಇಲ್ಲ," ಎಂದಳು. ಗಂಡನ ಕಡೆ ತಿರುಗಿದಳು. "ಆಪಾ ಮಗ್ಗಕ್ಕ ಬರೂದ ಬ್ಯಾಡ. ಅವರ ಕಾಗದ ಒಳಗ ಬರಲಿ. ಕಾಗದಕ್ಕ ಬ್ಯಾಡ ಅಂತ ಅತ್ತಿ ಯಾವಾಗ ಅಂದಾರ?"

ಅವನು ಗಡ್ಡ ಕೆರೆದುಕೊಂಡ. "ಕಾಗದಕ್ಕ... ಹೂಂ. ಕಾಗದಕ್ಕ ಏನೈತಿ ಬಿಡು."

ಹಾಗೆ ಅದು ನಡೆಯಿತು. ಫೂಫಿ ಹೊಸ್ತಿಲ ಹೊರಗೆ, ಸೊಸೆ ಮಗ್ಗದ ಮುಂದೆ, ನಡುವೆ ಪರದೆ. ಫೂಫಿ ಒಂದು ಸಾಲನ್ನು ಮಡಚಿ, ಉದ್ದ ಪಟ್ಟಿ ಮಾಡಿ, ಪರದೆಯ ಕೆಳಗಿನಿಂದ ಒಳಗೆ ಜಾರಿಸುತ್ತಿದ್ದರು. ಕಪ್ಪು ಎಂದರೆ ನೀಲಿ ನೂಲು, ಅಕ್ಷರ ಎಂದರೆ ಕೆಂಪು, ಬಿಳಿ ಎಂದರೆ ಹಳದಿ. ಒಳಗೆ ಪಂಜಾ ಬಡಿದ ಸದ್ದು ನಿಂತರೆ ಪಟ್ಟಿ ಹೊರಗೆ ಬರುತ್ತಿತ್ತು, ಇನ್ನೊಂದು ಹೋಗುತ್ತಿತ್ತು.

"ಆಪಾ, ಈ ಸಾಲಿನಾಗ ಯಾವದೋ ಮಂತ್ರಿ ಮಾರಿ ಬಂದೈತಿ," ಎಂದು ಸೊಸೆ ಒಳಗಿನಿಂದ ಕೂಗುವಳು. "ಅವನ್ನ ನೀಲಿ ಅನ್ಲ್ಯೋ, ಹಳದಿ ಅನ್ಲ್ಯೋ?"

"ಕೂದಲ ನೀಲಿ. ಮಾರಿ ಬಿಟ್ಟಬಿಡು, ಅದು ಯಾವ ಬಣ್ಣಕ್ಕೂ ನಿಲ್ಲೂದಿಲ್ಲ."

ಎದೆ ಮುಗಿಯುವವರೆಗೆ ನಗುವಿತ್ತು. ಕುತ್ತಿಗೆಯ ಬುಡಕ್ಕೆ ಬಂದು ಕೆಲಸ ನಿಂತಿತು.

ಚೀಲದಲ್ಲಿದ್ದ ಕುತ್ತಿಗೆ ತಾಯಿ ತಪ್ಪು ಎಂದಿದ್ದದ್ದು. ಅದನ್ನು ಫೂಫಿ ಒಳಗೆ ಕಳಿಸಲಿಲ್ಲ. ಸಣ್ಣ ಚೌಕ ಬಿಟ್ಟು ಇಡೀ ಪುಟ ತೆಗೆದುಕೊಂಡು ನವಿಲು ಮಡಚತೊಡಗಿದರು; ಎದ್ದು ನಿಲ್ಲುವ ನವಿಲು. ಎದೆ ತಾಯಿ ನೇಯ್ದಂತೆಯೇ. ಕುತ್ತಿಗೆ ಮಾತ್ರ ಒಂದರಲ್ಲಿ ನೆಟ್ಟಗೆ, ಒಂದರಲ್ಲಿ ಕೆಳಗೆ, ಒಂದರಲ್ಲಿ ಆಕಾಶಕ್ಕೆ. ಕಟ್ಟೆ ತುಂಬ ನವಿಲುಗಳಾದವು. ನಾನು ಕೊಟ್ಟ ಕಾಗದ ಸಾಲದೆ ಅವ್ವ ಡಬ್ಬಿಗಳ ಕೆಳಗೆ ಹಾಸಿದ್ದ ಪತ್ರಿಕೆಯನ್ನೂ ಕಿತ್ತು ಕೊಟ್ಟಳು. ಮದುವೆ ಹತ್ತಿರ ಬರುತ್ತಿತ್ತು. ತಮ್ಮ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಒಮ್ಮೆ ಕಟ್ಟೆ ನೋಡುತ್ತಿದ್ದ, ಸಂಜೆ ಬಂದಾಗ ಒಮ್ಮೆ ನೋಡುತ್ತಿದ್ದ.

ಒಂದು ಮುಂಜಾನೆ ಫೂಫಿ ಕಾಗದದ ನವಿಲೊಂದರ ಕುತ್ತಿಗೆಯನ್ನು ಒಳಮಗ್ಗುಲಿಗೆ ತಿರುವಿ, ಹಿಂದಕ್ಕೆ ಮಡಚಿದರು. ನವಿಲು ತನ್ನ ಗರಿಯನ್ನು ತಾನೇ ತಿರುಗಿ ನೋಡುತ್ತಿತ್ತು. ಅಂಥದೇ ಇನ್ನೊಂದನ್ನು ಮಾಡಿ ಎದುರಿಗೆ ಇಟ್ಟರು.

"ಎದಿ ಎದುರಾಎದುರು ಅದಾವ," ಎಂದು ಅವ್ವನಿಗೆ ಹೇಳಿದರು. "ಮಾರಿನೂ ಎದುರು ಇದ್ದಿದ್ರ ಅಮ್ಮಾ ನಂದು ತಪ್ಪ ಅಂತಿದ್ದಿಲ್ಲ. ಇವು ಹೊಳ್ಳಿ ನೋಡತಿರಬೇಕು."

"ನಿನಗ ನೆನಪ ಐತೇನ, ಹಂಗ ಇತ್ತಂತ?"

"ಇಲ್ಲ ಅಕ್ಕಾ. ಬಾಗಲದಾಗಿಂದ ಅಮ್ಮಾನ ಬೆನ್ನ ಅಡ್ಡ ಬರತಿತ್ತು."

ಆ ಕುತ್ತಿಗೆಯನ್ನು ಚೌಕಕ್ಕೆ ಇಳಿಸಿ, ಪಟ್ಟಿ ಮಾಡಿ, ಪರದೆಯ ಕೆಳಗೆ ಜಾರಿಸಿದರು. ಒಳಗೆ ಪಂಜಾದ ಸದ್ದು ಕೇಳಿತು.

ಜಮಖಾನ ಮುಗಿದ ದಿನ ಅದನ್ನು ಇಳಿಸಿ ಅಂಗಳದ ಬಿಸಿಲಿಗೆ ಹರಡಿದರು. ನಾನು ಅದನ್ನು ಇಡಿಯಾಗಿ ನೋಡಿದ್ದು ಆಗ ಮಾತ್ರ. ಎಲ್ಲಿಯವರೆಗೆ ತಾಯಿಯ ಕೈ, ಎಲ್ಲಿಂದ ಸೊಸೆಯ ಕೈ ಎಂಬುದು ನನ್ನ ಕಣ್ಣಿಗೆ ಗೊತ್ತಾಗಲಿಲ್ಲ. ಫೂಫಿ ಬಗ್ಗಿ ನವಿಲಿನ ಕುತ್ತಿಗೆಯ ಮೇಲೆ ಅಂಗೈ ಇಟ್ಟರು.

"ಇದೂ ತಪ್ಪಿದ್ದೀತು," ಎಂದರು. "ತಪ್ಪ ಅನ್ನಾಕ ಈಗ ಯಾರದಾರ?"

ಸೊಸೆ ಪರದೆಯನ್ನು ಪೂರ್ತಿ ಸರಿಸಿ ಗಿಣಿಗೂಟಕ್ಕೆ ಸಿಕ್ಕಿಸಿದಳು. ಬರಿದಾದ ಮಗ್ಗ ಹೊರಗೆ ಕಂಡಿತು. "ನಾಳೆ ಹೊಸದು ಏರಸ್ತೀನಿ ಆಪಾ. ನನ್ನ ಬಾಜು ಕೂಡ್ರಿ. ಇವರ ಏನೂ ಅನ್ನೂದಿಲ್ಲ, ನಾ ಕೇಳೀನಿ." ತಮ್ಮ ಅಲ್ಲೇ ಇದ್ದ. ಹೂಂ ಎಂಬಂತೆ ತಲೆ ಆಡಿಸಿದ.

ಫೂಫಿ ಹೊಸ್ತಿಲವರೆಗೆ ಹೋದರು. ಬಾಗಿಲ ಚೌಕಟ್ಟಿಗೆ ಕೈ ಆನಿಸಿ ಒಳಗೆ ನೋಡುತ್ತಾ ನಿಂತರು. ಸೊಸೆ ಮಗ್ಗದ ಮುಂದೆ ಕೂತು, ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಅಮ್ಮಾ ನನ್ನ ಕರದಿಲ್ಲ ತಂಗಿ," ಎಂದರು ಫೂಫಿ. ಹೊರಳಿ ಬಂದು ಕೂಸನ್ನು ಎತ್ತಿಕೊಂಡರು. "ನೀ ನೇಯಿ. ಇಕಿನ್ನ ನಾ ನೋಡ್ಕೋತೀನಿ."

ಕುಂದಗೋಳದವರು ಬಂದು ಜಮಖಾನ ಒಯ್ದರು. ಬಂದವರಲ್ಲಿ ಒಬ್ಬ ಹಿರಿಯರು ಬಗ್ಗಿ ನೋಡಿ, "ಏನ್ರಿ ಇದು, ಕುತ್ತಿಗಿ ಉಳುಕೈತೇನ್ ಇವಕ್ಕ?" ಎಂದರು. ಎಲ್ಲರೂ ನಕ್ಕರು. ಫೂಫಿಯೂ ನಕ್ಕರು.

ಆ ಬಳಿಕವೂ ಅವರು ಕಾಗದ ಮಡಚುತ್ತಿದ್ದರು; ಹಕ್ಕಿ, ಕಪ್ಪೆ, ದೋಣಿ. ಚೌಕದ ಪಟ್ಟಿಗಳನ್ನು ಮತ್ತೆ ಮಾಡಿದ್ದನ್ನು ನಾನು ಕಾಣಲಿಲ್ಲ. ಮುಂದಿನ ವರ್ಷ ನನ್ನನ್ನು ಹುಬ್ಬಳ್ಳಿಯ ಕಚೇರಿಗೆ ಕರೆಸಿಕೊಂಡರು. ಅವ್ವನೂ ನನ್ನ ಜೊತೆ ಬಂದಳು. 1989ರಲ್ಲಿ ಫೂಫಿ ತೀರಿಕೊಂಡರು. ನವಲಗುಂದದಿಂದ ಬಸ್ಸಿಗೆ ಬಂದ ಓಣಿಯವರೊಬ್ಬರು ಹೇಳಿದಾಗ ಮಣ್ಣು ಆಗಿ ವಾರ ಕಳೆದಿತ್ತು. ಅವ್ವ ಆ ದಿನ ಊಟ ಮಾಡಲಿಲ್ಲ. ಅವರ ಒಂದು ಫೋಟೋವೂ ನನ್ನಲ್ಲಿಲ್ಲ. ಊರಿನ ಸಾವುನೋವಿನ ಸುದ್ದಿ ಎಷ್ಟೋ ಬರೆದವನು ನಾನು. ಅವರ ಬಗ್ಗೆ ಒಂದು ಸಾಲೂ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಶೇಂಗಾ ಕೊಂಡ ಮರುದಿನ ನವಲಗುಂದಕ್ಕೆ ಹೋಗಿ ಬಂದೆ. ಅಂಗಳದ ನಡುವೆ ಗೋಡೆ ಎದ್ದಿದೆ. ಕಟ್ಟೆ ಇಲ್ಲ. ಬಾಗಿಲು ತೆರೆದವಳು ಆಗಿನ ಕೂಸು. ಈಗ ಮಧ್ಯವಯಸ್ಸಿನ ಹೆಂಗಸು, ತವರಿಗೆ ಬಂದಿದ್ದಳು. ಅವಳ ತಾಯಿಯ ಕಣ್ಣು ಮಂಜಾಗಿ ಮಗ್ಗ ನಿಂತು ಬಹಳ ವರ್ಷಗಳಾದವಂತೆ. ಅಣ್ಣನ ಹೆಂಡತಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ, ಮಗ್ಗಕ್ಕೆ ಕೂರಲಿಲ್ಲವಂತೆ.

"ನಿಮಗ ಬರತೈತೇನ್ರಿ?" ಎಂದು ಕೇಳಿದೆ.

"ಇಲ್ರಿ. ನನಗ ಕಲಿಸಲಿಲ್ಲ," ಎಂದಳು.

ಹೊಳ್ಳಿ ನೋಡುವ ನವಿಲನ್ನು ಆ ಮನೆಯಲ್ಲಿ ಮತ್ತೆ ಎಷ್ಟು ಸಲ ನೇಯ್ದರೆಂದು ಅವಳ ತಾಯಿಗೆ ನೆನಪಿಲ್ಲ. ಮೊದಲನೆಯದನ್ನು ಒಯ್ದ ಕುಂದಗೋಳದ ಮನೆಯವರು ಹೊಲಮನೆ ಮಾರಿ ಬೇರೆ ಊರಿಗೆ ಹೋಗಿದ್ದಾರೆ. ಆ ಜಮಖಾನ ಎಲ್ಲಿದೆ ಎಂಬುದು ಇಲ್ಲಿಯವರೆಗೆ ತಿಳಿದುಬಂದಿಲ್ಲ.